ಮುಂದಿನ ಗಾಲಿಯ ಶಾಫ್ಟ್

ಸಾಲಹಳ್ಳಿ
೧೨-೮-೧೯೯೮

ನಿಜಗುಣಪ್ಪ ಮಿಸ್ತ್ರಿಯವರಿಗೆ,

ಪೊಲೀಸರ ಹರಾಜಿನಲ್ಲಿ ಕೊಂಡ ನನ್ನ ಜೀಪು ನಿಮ್ಮ ರಿಪೇರಿಯ ನಂತರ, ನಾಲ್ಕೂ ಗಾಲಿ ತಿರುಗಲೆಂದು ಲಿವರ್ ಎಳೆದು ಫೋರ್‌ವೀಲ್ ಹಾಕಿದರೂ ಕೆಸರಿನಲ್ಲಿ ಎಳೆಯುತ್ತಿಲ್ಲವೆಂದು ಮೂರು ಸಲ ನಿಮ್ಮ ಗ್ಯಾರೇಜಿಗೆ ತಂದೆ. ಮೂರು ಸಲವೂ ನೀವು ಲಿವರ್ ಅಲ್ಲಾಡಿಸಿ ನಕ್ಕಿರಿ. “ಪೊಲೀಸ್ ಗಾಡಿ ಐತೋ ಸಾಜಿದ್, ಬೈದ್ರ ಅಷ್ಟ ಓಡತೈತಿ. ನಿನಗ ನಡಸಾಕ ಬರಂಗಿಲ್ಲ” ಅಂದಿರಿ.

ಸೋಮವಾರ ನನ್ನ ತಂಗಿ ಕೌಸರ್‌ಗೆ ಹೆರಿಗೆ ನೋವು ಬಂತು. ರಾಮದುರ್ಗದ ಆಸ್ಪತ್ರೆಗೆ ಹೊರಟಾಗ ಹಳ್ಳದ ದಂಡೆಯ ಎರೆಮಣ್ಣಿನಲ್ಲಿ ಜೀಪು ಹೂತಿತು. ಲಿವರ್ ಎಳೆದೆ. ಹಿಂದಿನ ಗಾಲಿಗಳಷ್ಟೇ ತಿರುಗಿದವು. “ಭಾಯಿ, ಇನ್ನ ಎಷ್ಟೊತ್ತ?” ಎಂದು ಅವಳು ಕೇಳುತ್ತಲೇ ಇದ್ದಳು. ಎತ್ತಿನ ಗಾಡಿ ಬರುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಕೌಸರ್ ಉಳಿದಳು, ಕೂಸು ಉಳಿಯಲಿಲ್ಲ.

ಮರುದಿನ ನಾನೇ ಜೀಪಿನ ಕೆಳಗೆ ಮಲಗಿ ನೋಡಿದೆ. ಮುಂದಿನ ಗಾಲಿಗಳನ್ನು ತಿರುಗಿಸುವ ಶಾಫ್ಟೇ ಇಲ್ಲ. ರಿಪೇರಿಯ ಹೊತ್ತಿಗೆ ಸಪ್ಪಳ ಬರುತ್ತದೆಂದು ಅದನ್ನು ಬಿಚ್ಚಿದವರು ನೀವು, ಕಟಕೋಳದ ಗುತ್ತಿಗೆದಾರನ ಜೀಪಿಗೆ ಹಾಕಿದವರೂ ನೀವೇ ಎಂದು ಅವನ ಡ್ರೈವರ್ ಹೇಳಿದ.

ನಿಮ್ಮ ಸಮಾಧಾನದ ಮಾತು ನನಗೆ ಬೇಡ. ಆ ಗುತ್ತಿಗೆದಾರನ ಜೀಪಿನಿಂದ ಬಿಚ್ಚಿಯಾದರೂ ಸರಿ, ಈ ಪತ್ರ ತಂದವರ ಕೈಯಲ್ಲೇ ಶಾಫ್ಟ್ ಕೊಟ್ಟು ಕಳಿಸಿರಿ. ಜೋಡಿಸಲು ನೀವು ಬರಬೇಡಿರಿ. ಈ ಮಳೆಗಾಲ ಮುಗಿಯುವುದರೊಳಗೆ ನಮ್ಮೂರಲ್ಲಿ ಇನ್ನೂ ಇಬ್ಬರು ಹೆರುವವರಿದ್ದಾರೆ.

ಇಂತಿ,
ಸಾಜಿದ್ ನಿಜಾಮಸಾಬ