ನಲವತ್ತೊಂದು ಜನರ ಮೈಕ್ ಎಡಕ್ಕಿಟ್ಟಿದ್ದು ನಾನೇ

ಕಡಲತೀರ ರಕ್ಷಣಾ ಮಂಡಳಿಯ ಮಾನ್ಯ ಅಧ್ಯಕ್ಷರೇ,

ದಕ್ಷಿಣ ಕೊಲ್ಲಿಗೆ ಊರಿನ ಚರಂಡಿ ನೀರನ್ನು ಬಿಡುವ ಹೊಸ ಕೊಳವೆಯ ಬಗ್ಗೆ ತಮ್ಮ ಮಂಡಳಿ ನಡೆಸಿದ ಸಾರ್ವಜನಿಕ ವಿಚಾರಣೆಯ ನಡಾವಳಿ ನಿನ್ನೆ ಕೈಸೇರಿತು. ಮೂರನೇ ಪುಟದಲ್ಲಿ, 'ಅಧ್ಯಕ್ಷರು ನಲವತ್ತೊಂದು ನಾಗರಿಕರ ಅಹವಾಲುಗಳನ್ನು ಎರಡು ಗಂಟೆ ನಲವತ್ತು ನಿಮಿಷಗಳ ಕಾಲ ತಾಳ್ಮೆಯಿಂದ ಆಲಿಸಿದರು' ಎಂದು ಅಚ್ಚಾಗಿದೆ. ತಾಳ್ಮೆಯ ಬಗ್ಗೆ ನನ್ನ ತಕರಾರಿಲ್ಲ, ಅದು ತಮಗೆ ಮೊದಲಿನಿಂದಲೂ ಇದೆ. ಆಲಿಸಿದರು ಎಂಬುದು ಮಾತ್ರ ಶುದ್ಧ ಸುಳ್ಳು. ಆ ದಿನ ನಮ್ಮವರ ಒಂದು ವಾಕ್ಯವೂ ತಮ್ಮ ಕಿವಿಗೆ ಬಿದ್ದಿಲ್ಲ. ಬೀಳದ ಹಾಗೆ ತಾವೇ ಏರ್ಪಾಡು ಮಾಡಿಸಿದಿರಿ. ಆ ಏರ್ಪಾಡು ಮಾಡಿದ ಕೈ ನನ್ನದು, ಆದ್ದರಿಂದ ಈ ಸಾಕ್ಷಿ ಹೇಳಲು ನನಗಿಂತ ಯೋಗ್ಯನಾದವನು ಇನ್ನೊಬ್ಬನಿಲ್ಲ.

ಪತ್ರಿಕೆಯಲ್ಲಿ ಈ ಬಹಿರಂಗ ಪತ್ರ ಓದುವವರಿಗೆ ನನ್ನ ಪರಿಚಯ ಇರಲಿಕ್ಕಿಲ್ಲ. ಸಭೆ ಸಮಾರಂಭಗಳಿಗೆ ಮೈಕು, ಸ್ಪೀಕರು ಹಾಕುವವನು ನಾನು. ನಮ್ಮ ಕೆಲಸ ಸರಿಯಾಗಿ ನಡೆದರೆ ನಾವಿದ್ದೇವೆ ಎಂಬುದೇ ಯಾರಿಗೂ ತಿಳಿಯುವುದಿಲ್ಲ. ಸ್ಪೀಕರ್ ಒಮ್ಮೆ ಕುಂಯ್ ಎಂದರೆ ಸಾಕು, ಇಡೀ ಸಭೆ ತಿರುಗಿ ದುರುಗುಟ್ಟಿ ನೋಡುತ್ತದೆ. ತಮ್ಮ ಪರಿಚಯ ಎಲ್ಲರಿಗೂ ಇದೆ. ಸರ್ಫಿಂಗ್ ಬಿಟ್ಟು ಗಿಟಾರ್ ಹಿಡಿದವರು, ಕಡಲಿನ ಪರವಾಗಿ ಹಾಡಿದವರು, ಹಾಡುತ್ತಾ ಹಾಡುತ್ತಾ ಈ ಕುರ್ಚಿಗೆ ಬಂದವರು. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು ಎಂಬುದು ಮಾತ್ರ ತಮ್ಮ ಯಾವ ಸಂದರ್ಶನದಲ್ಲೂ ಬಂದಿಲ್ಲ. ಬರಬೇಕು ಎಂದು ನಾನೂ ಆಸೆಪಟ್ಟವನಲ್ಲ.

ಇಪ್ಪತ್ತೇಳನೇ ವಯಸ್ಸಿನವರೆಗೆ ತಾವು ಆ ಕೊಲ್ಲಿಯಲ್ಲಿ ಸರ್ಫಿಂಗ್ ಬೋರ್ಡಿನ ಮೇಲೆ ನಿಂತರೆ ದಡದಲ್ಲಿದ್ದವರು ಮಾಡುವ ಕೆಲಸ ಬಿಟ್ಟು ನೋಡುತ್ತಿದ್ದರು. ಆಗ ಊರಿನ ಹಳೆಯ ಚರಂಡಿ ಅಲ್ಲಿಗೇ ಬಂದು ಬೀಳುತ್ತಿತ್ತು. ಒಂದು ವಾರ ತಮಗೆ ಎಡಕಿವಿ ನೋವು, ಆಮೇಲೆ ಕೀವು, ಆಮೇಲೆ ಜ್ವರ. ಸೋಂಕು ಒಳಕಿವಿಗೆ ಇಳಿದಿದೆ ಎಂದರು ಡಾಕ್ಟರು. ಮನುಷ್ಯನನ್ನು ನೆಟ್ಟಗೆ ನಿಲ್ಲಿಸುವ ಅಂಗವೂ ಅಲ್ಲೇ ಇದೆ ಎಂಬುದು ನನಗೆ ಗೊತ್ತಾಗಿದ್ದೇ ಆವತ್ತು. ಮೂರು ತಿಂಗಳು ತಾವು ಗೋಡೆ ಹಿಡಿದುಕೊಂಡು ಓಡಾಡಿದಿರಿ. ನಡಿಗೆ ಮರಳಿತು, ಅಲೆಯ ಮೇಲೆ ನಿಲ್ಲುವುದು ಮರಳಲಿಲ್ಲ. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, "ಕೂತು ಮಾಡೋ ಕೆಲಸ ಏನಾದ್ರೂ ಇದ್ರೆ ಹೇಳೋ," ಎಂದಿರಿ. ರಿಪೇರಿಗೆ ಬಂದು ಯಾರೂ ವಾಪಸ್ ಒಯ್ಯದ ಗಿಟಾರೊಂದು ಮೂಲೆಯಲ್ಲಿತ್ತು. ಅದನ್ನು ಕೈಗಿಟ್ಟವನು ನಾನು. ಇವತ್ತು ಅದಕ್ಕೆ ಪಶ್ಚಾತ್ತಾಪ ಪಡಬೇಕೋ ಬೇಡವೋ ತಿಳಿಯುತ್ತಿಲ್ಲ.

ಆಮೇಲಿನ ಇಪ್ಪತ್ತೆರಡು ವರ್ಷ ತಮ್ಮ ಎಲ್ಲ ಹಾಡಿನ ಕಾರ್ಯಕ್ರಮಗಳಿಗೂ ಮೈಕ್ ಹಾಕಿದವನು ನಾನೇ. ಕೊನೆಯ ಹಾಡಿಗೆ ಮುಂಚೆ ಗಿಟಾರ್ ತೊಡೆಯ ಮೇಲೆ ಮಲಗಿಸಿ ತಾವು ಆ ಕಥೆ ಹೇಳುತ್ತಿದ್ದಿರಿ: "ಈ ಕೊಳಕು ನೀರು ನನ್ನ ಕಾಲ ಕೆಳಗಿನ ಅಲೆ ಕಿತ್ತುಕೊಳ್ತು. ಇನ್ನೊಬ್ಬರಿಗೆ ಹೀಗಾಗೋಕೆ ನಾನು ಬಿಡಲ್ಲ." ನೂರಾರು ಸಲ ಕೇಳಿದ ಮಾತು, ಆದರೂ ಪ್ರತಿ ಸಲ ಮೊದಲ ಸಲ ಕೇಳುವವನಂತೆ ಕೇಳುತ್ತಿದ್ದೆ. ಜನ ಎದ್ದು ಬಂದು ಮನವಿಗೆ ಸಹಿ ಹಾಕಿದರು. ಹನ್ನೊಂದು ವರ್ಷದ ಹಿಂದೆ ಹಳೆಯ ಚರಂಡಿಯ ಬಾಯಿ ಮುಚ್ಚಿತು. ನನ್ನ ಮಗಳು ಈಜು ಕಲಿತದ್ದು, ಸರ್ಫಿಂಗ್ ಕಲಿತದ್ದು ಆಮೇಲೆ ತಿಳಿಯಾದ ಆ ನೀರಿನಲ್ಲೇ. ಅವಳ ಮೊದಲ ಬೋರ್ಡಿಗೆ, ಕಾಲು ಜಾರದಿರಲೆಂದು, ಮೇಣ ಉಜ್ಜಿಕೊಟ್ಟವರು ತಾವು. ತಮ್ಮನ್ನು ಅವಳು 'ಗಿಟಾರ್ ಮಾವ' ಎಂದೇ ಕರೆದು ಬೆಳೆದಳು. ಈಗ ಇಪ್ಪತ್ಮೂರು ವರ್ಷದವಳು, ಅದೇ ಕೊಲ್ಲಿಯಲ್ಲಿ ಮಕ್ಕಳಿಗೆ ಕಲಿಸುತ್ತಾಳೆ.

ತಾವು ಅಧ್ಯಕ್ಷರಾದ ದಿನ ನಮ್ಮ ಮನೆಯಲ್ಲಿ ಯಾರ ಕಾಲೂ ನೆಲದ ಮೇಲಿರಲಿಲ್ಲ. ನಮ್ಮವನೇ ಒಳಗೆ ಕೂತಮೇಲೆ ಇನ್ನೇನು ಬೇಕು? ತಮ್ಮ ಕಚೇರಿಗೆ ನಾನು ಒಮ್ಮೆ ಬಂದಿದ್ದೆ. ತಮ್ಮ ಹಳೆಯ ಬೋರ್ಡನ್ನು ಕುರ್ಚಿಯ ಹಿಂದಿನ ಗೋಡೆಗೆ ತೂತು ಕೊರೆದು ಸ್ಕ್ರೂ ಹಾಕಿ ಬಿಗಿದಿದ್ದರು. ತೂತು ಬಿದ್ದ ಬೋರ್ಡ್ ನೀರು ಕುಡಿಯುತ್ತದೆ, ಮತ್ತೆ ಕಡಲಿಗೆ ಇಳಿಸುವಂತಿಲ್ಲ ಎಂಬುದು ಸರ್ಫರ್ ಆಗಿದ್ದವರಿಗೆ ಗೊತ್ತಿಲ್ಲದ ಸಂಗತಿಯೇ? ಆ ದಿನವೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಹೊಗಳಿ, ಕಾಫಿ ಕುಡಿದು ಬಂದೆ.

ಈಗ ಇಪ್ಪತ್ತೆರಡು ವರ್ಷ ಯಾರ ಬಳಿಯೂ ಬಾಯಿ ಬಿಡದ ಮಾತನ್ನು ಹೇಳುತ್ತೇನೆ. ಆ ಸೋಂಕಿನಲ್ಲಿ ತಮಗೆ ಹೋದದ್ದು ಸಮತೋಲ ಒಂದೇ ಅಲ್ಲ, ಎಡಕಿವಿಯೂ ಪೂರ್ತಿ ಹೋಯಿತು. ಒಂದೇ ಕಿವಿಯ ಹಾಡುಗಾರನನ್ನು ಯಾರು ಕರೆಯುತ್ತಾರೆ ಎಂಬ ಹೆದರಿಕೆಗೆ ತಾವು ಅದನ್ನು ಮುಚ್ಚಿಟ್ಟಿರಿ. ಗೊತ್ತಿದ್ದವರು ಮೂವರು: ಡಾಕ್ಟರು, ತಮ್ಮ ಹೆಂಡತಿ, ನಾನು. ಹಾಡುಗಾರನಿಗೆ ತನ್ನ ದನಿ ಕೇಳಲೆಂದು ವೇದಿಕೆಯ ಮೇಲೆ ಇಡುವ ಸ್ಪೀಕರ್ ಇದೆಯಲ್ಲ, ಮಾನಿಟರ್, ಅದನ್ನು ಯಾವಾಗಲೂ ತಮ್ಮ ಬಲಕ್ಕೆ ಇಟ್ಟೆ. ಸಂದರ್ಶನಕ್ಕೆ ಬಂದವರನ್ನು, "ಈ ಕಡೆ ಬನ್ನಿ ಸಾರ್, ಬೆಳಕು ಚೆನ್ನಾಗಿದೆ," ಎಂದು ಪುಸಲಾಯಿಸಿ ಬಲಕ್ಕೆ ಕೂರಿಸಿದೆ. ಊಟಕ್ಕೆ ಕೂತರೆ ತಮಗೆ ಮೇಜಿನ ಎಡತುದಿಯ ಕುರ್ಚಿ ಹಿಡಿದಿಟ್ಟೆ. ಎಡಗಡೆಯಿಂದ ಯಾರಾದರೂ ಏನಾದರೂ ಕೂಗಿದರೆ ತಾವು ತಲೆ ಸ್ವಲ್ಪ ವಾಲಿಸಿ, ಮೆಲ್ಲಗೆ ತೂಗಿ, ಒಂದು ನಗು ನಗುತ್ತಿದ್ದಿರಿ. ಅಭಿಮಾನಿಗಳು ಆ ನಗುವಿಗೆ ಸತ್ತುಹೋಗುತ್ತಿದ್ದರು. ಏನೂ ಕೇಳಿಸದಾಗ ಬರುವ ನಗು ಅದು ಎಂದು ಆ ಸಭೆಗಳಲ್ಲಿ ಗೊತ್ತಿದ್ದವನು ನಾನೊಬ್ಬನೇ.

ವಿಚಾರಣೆಗೆ ಎರಡು ದಿನ ಮುಂಚೆ ತಮ್ಮ ಫೋನ್ ಬಂತು. "ಮೈಕ್ ನೀನೇ ಹಾಕು. ಜನರದ್ದು ನನ್ನ ಎಡಕ್ಕೆ, ಕಂಪನಿಯವರದ್ದು ಬಲಕ್ಕೆ. ವೇದಿಕೆಗೆ ಮಾನಿಟರ್ ಬೇಡ, ಸುಮ್ನೆ ಸೀಟಿ ಹೊಡೆಯುತ್ತೆ. ಸ್ಪೀಕರ್ ಎಲ್ಲಾ ಸಭೆ ಕಡೆಗೆ ತಿರುಗಿಸಿಬಿಡು." ಸರಿ ಎಂದೆ. ನಾನು ಏನೆಂದುಕೊಂಡೆ ಗೊತ್ತೇ? ಕೊಳವೆ ಹಾಕುವ ಕಂಪನಿಯವರ ಒಂದೊಂದು ಸುಳ್ಳನ್ನೂ ಹಿಡಿಯಬೇಕೆಂದು ಇವನು ಒಳ್ಳೆಯ ಕಿವಿಯನ್ನು ಅವರಿಗೆ ಮೀಸಲಿಟ್ಟಿದ್ದಾನೆ, ನಮ್ಮವರು ಹೇಳುವುದು ಇವನಿಗೆ ಮೊದಲೇ ಬಾಯಿಪಾಠ, ಅದನ್ನೇನು ಹೊಸದಾಗಿ ಕೇಳುವುದು ಎಂದುಕೊಂಡೆ. ನನ್ನಂಥ ದಡ್ಡನನ್ನು ಹುಡುಕಿದರೂ ಸಿಗುವುದಿಲ್ಲ. ಮೈಕಿನ ಸ್ಟ್ಯಾಂಡನ್ನು ನಾನೇ ಎಡಕ್ಕೆ ಹೊತ್ತು ತಂದೆ, ಯಾರೂ ಎಡವದಿರಲಿ ಎಂದು ಕೇಬಲ್ಲಿಗೆ ನೆಲದುದ್ದಕ್ಕೂ ಟೇಪ್ ಅಂಟಿಸಿದೆ.

ತಗಡಿನ ಚಾವಣಿಯ ಆ ಸಭಾಂಗಣ ಎಷ್ಟು ಮೊಳಗುತ್ತದೆಂದು ತಮಗೂ ಗೊತ್ತು. ತಮ್ಮ ಬೆನ್ನ ಹಿಂದೆ ದೊಡ್ಡ ಫ್ಯಾನು ಗಿರಗಿರ ತಿರುಗುತ್ತಿತ್ತು. ಬಲಕ್ಕೆ ಕೂತಿದ್ದ ಮಂಡಳಿಯ ಕಾರ್ಯದರ್ಶಿಗಳು ಎರಡೂವರೆ ಗಂಟೆ ತಮ್ಮ ಒಳ್ಳೆಯ ಕಿವಿಯಲ್ಲಿ ಅದೇನೋ ಪಿಸುಗುಡುತ್ತಲೇ ಇದ್ದರು. ಒಂದೇ ಕಿವಿಯವನಿಗೆ ಅಂಥ ಗದ್ದಲದಲ್ಲಿ ಎಡಗಡೆಯ ಮಾತು ಮಾತಾಗಿ ತಲುಪುವುದಿಲ್ಲ, ಬರೀ ಗುಂಯ್ ಎನ್ನುತ್ತದೆ. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ನಾಲ್ಕು ಹಾಳೆ ಹಿಡಿದು ಓದಿದರು. ತಾವು ತಲೆದೂಗಿದಿರಿ. ಅವರು ಕೂತ ಮೇಲೆ ಪಕ್ಕದವರಿಗೆ, "ಎಷ್ಟು ಗಮನ ಕೊಟ್ಟು ಕೇಳಿದ್ರು ನೋಡಿ, ಇಂಥವರು ಬೇಕು," ಎಂದರು. ಮಿಕ್ಸರ್ ಹಿಂದೆ ಕೂತಿದ್ದ ನನಗೆ ಆಗಲೂ ತಲೆಗೆ ಹೊಳೆಯಲಿಲ್ಲ.

ನಾಲ್ಕನೆಯವಳಾಗಿ ನನ್ನ ಮಗಳು ಬಂದಳು. ಅವಳು ಹೇಳಿದ್ದನ್ನು ನನ್ನ ರೆಕಾರ್ಡಿಂಗಿನಿಂದ ಇಳಿಸಿಕೊಟ್ಟಿದ್ದೇನೆ, ಒಂದು ಪದವೂ ನನ್ನದಲ್ಲ: "ಅಧ್ಯಕ್ಷರೇ, ಪ್ರಯೋಗ ಅಂತ ಹೇಳಿ ಮೂರು ತಿಂಗಳಿಂದ ಕೊಲ್ಲಿಗೆ ಆ ನೀರು ಬಿಡ್ತಿದ್ದಾರೆ. ನನ್ನ ಹತ್ರ ಹನ್ನೊಂದು ಮಕ್ಕಳು ಕಲೀತಾರೆ, ನಾಲ್ಕು ಜನರ ಕಿವಿ ಸೋರ್ತಿದೆ. ನನಗೂ ಎರಡು ಸಲ ಸೋಂಕಾಯ್ತು. ಒಂದು ಕಿವಿ ಅರ್ಧ ಹೋಗಿದೆ. ಇನ್ನೊಂದು ಸಲ ಆದ್ರೆ ಪೂರ್ತಿ ಹೋಗುತ್ತೆ ಅಂದಿದ್ದಾರೆ ಡಾಕ್ಟರು. ಇದೇನು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ ಮಾವ."

ತಾವು ತಲೆ ವಾಲಿಸಿ, ಮೆಲ್ಲಗೆ ತೂಗಿ, ನಕ್ಕಿರಿ.

ಅದು ನನಗೆ ಗೊತ್ತಿದ್ದ ಅದೇ ನಗು. ಎಡಕ್ಕೆ ಮೈಕು, ಮಾನಿಟರ್ ಇಲ್ಲ, ಬಲಕಿವಿಯಲ್ಲಿ ಕಾರ್ಯದರ್ಶಿ. ಎಲ್ಲಾ ಒಟ್ಟಿಗೆ ಅರ್ಥವಾಯಿತು. ಎದ್ದು ನಿಂತು ಕೂಗಬಹುದಿತ್ತು. ಕೂಗಲಿಲ್ಲ. ಇನ್ನೂ ಮೂವತ್ತೇಳು ಜನ ಬಂದು ಮಾತಾಡಿ ಹೋಗುವವರೆಗೂ ಮಿಕ್ಸರಿನ ಗುಬುಟು ತಿರುಗಿಸುತ್ತಾ, ಒಬ್ಬೊಬ್ಬರ ದನಿಯನ್ನೂ ಸ್ಪಷ್ಟ ಮಾಡುತ್ತಾ ಕೂತಿದ್ದೆ. ಹೇಡಿತನ ಎನ್ನಿ, ಅಭ್ಯಾಸಬಲ ಎನ್ನಿ. ಆ ನಾಚಿಕೆ ನನ್ನದು, ಅದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ.

ಸಭೆ ಮುಗಿದ ಮೇಲೆ ಹಿಂದಿನ ಪಡಸಾಲೆಯಲ್ಲಿ ತಾವು ಒಬ್ಬರೇ ನೀರು ಕುಡಿಯುತ್ತಾ ನಿಂತಿದ್ದಿರಿ. ನಾನು ಬಲಗಡೆಗೆ ಬಂದು ನಿಂತೆ.

"ಮಗಳು ಏನು ಹೇಳಿದಳು, ಕೇಳಿಸ್ತಾ?"

"ಎಲ್ಲಾ ಫೈಲಲ್ಲಿ ಬರುತ್ತಲ್ಲ, ಬಿಡು."

"ಫೈಲ್ ಹಾಳಾಗಿ ಹೋಗ್ಲಿ. ನಿನಗೆ ಕೇಳಿಸ್ತಾ?"

ತಾವು ಲೋಟ ಕೆಳಗಿಟ್ಟಿರಿ. "ಮಾನಿಟರ್ ಬೇಡ ಅಂದಾಗಲೇ ನಿನಗೆ ಗೊತ್ತಾಗಿರುತ್ತೆ. ಈಗ ನನ್ನ ಮುಂದೆ ನಾಟಕ ಆಡಬೇಡ."

"ನನಗೆ ಗೊತ್ತಾಗಲಿಲ್ಲ ಕಣೋ."

ಆಗ ತಾವು ಹೇಳಿದಿರಿ: "ಉತ್ತರದ ತೀರವನ್ನ ಮುಟ್ಟಲ್ಲ ಅಂತ ಕಂಪನಿಯವರು ಬರೆದುಕೊಡ್ತಿದ್ದಾರೆ. ಅದಕ್ಕೆ ಬದಲಾಗಿ ಈ ಕೊಲ್ಲಿ ಬಿಟ್ಟುಕೊಡಬೇಕು. ತುಂಬಾ ಯೋಚನೆ ಮಾಡಿಯೇ ಒಪ್ಪಿದ್ದೀನಿ. ನಿಮ್ಮದೆಲ್ಲಾ ಕೇಳಿಸ್ಕೊಂಡ್ರೆ ಸಹಿ ಹಾಕೋಕೆ ನನ್ನ ಕೈಲಿ ಆಗಲ್ಲ."

ಮಾನ್ಯರೇ, ಉತ್ತರದ ತೀರ ಉಳಿಯಲಿ. ಅಲ್ಲಿ ಬಂಡೆಗಳಿವೆ, ಹಕ್ಕಿಗಳಿವೆ, ಚೆಂದವಾಗಿದೆ. ಆದರೆ ಅಲ್ಲಿ ಯಾವ ಮಗುವೂ ಈಜು ಕಲಿಯುವುದಿಲ್ಲ, ಕಲಿಯಲು ಹೋದರೆ ತಲೆ ಒಡೆಯುತ್ತದೆ. ಹಕ್ಕಿಗಳಿಗೆ ಬದಲಾಗಿ ಮಕ್ಕಳ ಕಿವಿ ಕೊಡುತ್ತೇನೆಂದು ಒಪ್ಪಂದ ಮಾಡಿಕೊಳ್ಳಲು ತಮಗೆ ಅಧಿಕಾರ ಕೊಟ್ಟವರು ಯಾರು? ಸರಿ, ಅದೇ ದೊಡ್ಡ ಒಳಿತು ಎಂದು ತಮಗೆ ಅನ್ನಿಸಿದ್ದರೆ ನಮ್ಮ ಮುಖ ನೋಡಿ ಹೇಳಬಹುದಿತ್ತಲ್ಲ? ಜಗಳವಾಡುತ್ತಿದ್ದೆವು, ಬೈಯುತ್ತಿದ್ದೆವು, ಕೊನೆಗೆ ಸೋಲುತ್ತಿದ್ದೆವೋ ಏನೋ. ಕಂಪನಿಯವರು ಮೋಸ ಮಾಡಿದರೆ ಅದು ಅವರ ದಂಧೆ, ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ತಾವು ಮಾಡಿದ್ದು ಬೇರೆ. ಕಡಲು ಕಿತ್ತುಕೊಂಡ ಕಿವಿಯನ್ನೇ ಕಡಲಿನ ಜನರ ಕಡೆಗೆ ತಿರುಗಿಸಿ ಕೂತಿರಿ. ಆ ಕಿವಿಯ ಕುಂದು ಮರೆಮಾಚಲು ನಾನು ಪ್ರೀತಿಯಿಂದ ಕಲಿತ ವಿದ್ಯೆಯನ್ನು ನನ್ನ ಕೈಯಿಂದಲೇ ನನ್ನ ಮಗಳ ಮೇಲೆ ಪ್ರಯೋಗಿಸಿದಿರಿ.

ಈ ಗುಟ್ಟನ್ನು ಪತ್ರಿಕೆಯಲ್ಲಿ ಬರೆದು ನಾನು ಮಾಡುತ್ತಿರುವುದೂ ದ್ರೋಹವೇ. ಗೊತ್ತಿದೆ. ನಾಳೆ ತಮ್ಮ ಹೆಂಡತಿ ಎದುರು ಸಿಕ್ಕರೆ ನಾನು ತಲೆ ಎತ್ತಲಾರೆ. ಆದರೂ ಬರೆಯುವುದಕ್ಕೆ ಒಂದು ಕಾರಣವಿದೆ. ಮಗಳಿಗೆ ತಮ್ಮ ಕಿವಿಯ ವಿಷಯ ಗೊತ್ತಿಲ್ಲ. ತಾವು ಎಲ್ಲಾ ಕೇಳಿಸಿಕೊಂಡೇ ನಕ್ಕಿರಿ ಎಂದುಕೊಂಡಿದ್ದಾಳೆ. ಹತ್ತು ದಿನದಿಂದ ಅವಳು ಕೊಲ್ಲಿಯ ಕಡೆ ಹೋಗಿಲ್ಲ, ಮಕ್ಕಳನ್ನು ಮನೆಗೆ ಕಳಿಸಿಬಿಟ್ಟಿದ್ದಾಳೆ. ಮೊನ್ನೆ ಪಾತ್ರೆ ಒರೆಸುತ್ತಾ, "ಅಪ್ಪಾ, ನಾನು ತಮಾಷೆ ಆಗೋ ಥರ ಏನಾದ್ರೂ ಹೇಳಿದ್ನಾ?" ಎಂದು ಕೇಳಿದಳು. ಏನು ಹೇಳಲಿ? ಮಾವ ಕೇಳಿಸಿಕೊಂಡು ನಕ್ಕ ಎನ್ನಲೋ, ಕೇಳಿಸಬಾರದೆಂದೇ ಅಪ್ಪನ ಕೈಯಲ್ಲಿ ಮೈಕ್ ಇಡಿಸಿದ ಎನ್ನಲೋ? ಇವೆರಡರಲ್ಲಿ ಯಾವುದು ಅವಳಿಗೆ ಕಡಿಮೆ ನೋವು ಕೊಡುತ್ತದೆಂದು ನಾನು ರಾತ್ರಿ ಹಗಲು ತೂಗಿ ನೋಡಿದ್ದೇನೆ. ತೀರ್ಮಾನಕ್ಕೆ ಬರಲಾಗದೆ ಈ ಕಾಗದ ಬರೆಯುತ್ತಿದ್ದೇನೆ. ಅವಳೂ ಇದನ್ನು ಎಲ್ಲರ ಜೊತೆಯಲ್ಲೇ ಓದಲಿ.

ಆ ಒಪ್ಪಂದಕ್ಕೆ ತಮ್ಮ ಸಹಿ ಬೀಳುವುದು ಈ ತಿಂಗಳ ಕೊನೆಯ ದಿನ. ಅಷ್ಟರೊಳಗೆ ಆ ಮೂರನೇ ಪುಟವನ್ನು ಹಿಂದಕ್ಕೆ ಪಡೆಯಿರಿ. ವಿಚಾರಣೆಯನ್ನು ಮತ್ತೊಮ್ಮೆ ಕರೆಯಿರಿ, ಅದೇ ಸಭಾಂಗಣದಲ್ಲಿ, ಫ್ಯಾನು ನಿಲ್ಲಿಸಿ, ಕಾರ್ಯದರ್ಶಿಗಳನ್ನು ಕೆಳಗೆ ಕೂರಿಸಿ, ಜನರನ್ನು ತಮ್ಮ ಬಲಕ್ಕೆ ನಿಲ್ಲಿಸಿ. ಮೈಕ್ ಯಾರು ಬೇಕಾದರೂ ಹಾಕಲಿ, ನಾನು ಬರುವುದಿಲ್ಲ. ನನ್ನ ಮಗಳು ಮೊದಲು ಮಾತಾಡುತ್ತಾಳೆ. ಕೇಳಿಸಿಕೊಳ್ಳಿ. ಪೂರ್ತಿ ಕೇಳಿಸಿಕೊಂಡ ಮೇಲೂ ಸಹಿ ಹಾಕಲು ಕೈ ಬಂದರೆ, ಕಚೇರಿಗೆ ಹೋಗಿ ಹಾಕುವುದು ಬೇಡ. ಅಲ್ಲೇ, ಅವಳು ನೋಡುತ್ತಾ ನಿಂತಿರುವಾಗಲೇ ಹಾಕಿ.

ಇಂತಿ,
ತಮ್ಮ ಮೈಕಿನವನಾಗಿ ಇಪ್ಪತ್ತೆರಡು ವರ್ಷ ದುಡಿದು,
ಅವಳಿಗೆ ಅಪ್ಪನಾಗಲು ತಡಮಾಡಿದವನು