ಗೋರಿಗೆ ಹಚ್ಚಿದ ಸಬ್ಜಾ

ಬೆಟಗೇರಿ
೧೭ ಜೂನ್ ೧೯೯೯

ಪ್ರೀತಿಯ ಮಗಳು ಕೌಸರಳಿಗೆ ಅಮ್ಮಿಯ ಸಲಾಮು.

ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ತಡವಾಯಿತು, ತಪ್ಪು ನನ್ನದೇ. ದಿನಾ ಬರೆಯುವ ನೋಟುಬುಕ್ಕಿನಲ್ಲೂ ಈ ತಿಂಗಳು ಹೆಚ್ಚೇನೂ ಬರೆದಿಲ್ಲ. ಮಗುವಿನ ಕೆಮ್ಮು ಹೇಗಿದೆ? ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡಿ ಕೊಡು. ಎರಡು ದಿನದಲ್ಲಿ ಇಳಿಯದಿದ್ದರೆ ಡಾಕ್ಟರಿಗೆ ತೋರಿಸು.

ಮಿರಗದ ಮಳೆ ಎರಡು ಸಲ ಬಿತ್ತು. ಪುದೀನಾ ಹಬ್ಬಿದೆ. ಎಂಟು ದಿನಕ್ಕೊಮ್ಮೆ ನಳ ಬರುವ ಈ ಊರಿನಲ್ಲಿ ಬೇಸಿಗೆಯೆಲ್ಲ ಅಕ್ಕಿ ತೊಳೆದ ನೀರು ಹಾಕಿ, ಪಕ್ಕದ ಮನೆಯವರು ಕಾಮಕಸ್ತೂರಿ ಎನ್ನುವ ನಮ್ಮ ಹಿತ್ತಲಿನ ಸಬ್ಜಾ ಮಡಿಯನ್ನು ಉಳಿಸಿಕೊಂಡೆ. ಎರೆಮಣ್ಣಿನಲ್ಲಿ ಬೇರು ಕೊಳೆಯದಿರಲೆಂದು ಉಸುಕು ಬೆರೆಸಿದೆ. ನಿನ್ನ ಅಬ್ಬಾನ ಗೋರಿಯ ಮೇಲೆ ಹೋದ ವರ್ಷ ನೆಟ್ಟದ್ದು ಬಿಸಿಲಿಗೆ ಒಣಗಿತಂತೆ. ಹೆಂಗಸರು ಕಬರಸ್ತಾನಕ್ಕೆ ಹೋಗುವಂತಿಲ್ಲವಲ್ಲ, ನಾನು ಬೆಳೆಸಿದ ಸಸಿಯನ್ನು ನಿನ್ನ ಚಾಚಾ ಶೇಖಸಾಬರೇ ಒಯ್ದು ನೆಡಬೇಕು. ನಿನ್ನ ಅಬ್ಬಾನ ಹತ್ತಿರ ಹೋಗಲು ನನಗೆ ಇದ್ದದ್ದು ಅದೊಂದೇ ದಾರಿ.

ಈ ಸಲ ಚಾಚಾ ಒಯ್ಯಲಿಲ್ಲ. ಗದಗ ಜಿಲ್ಲೆಯಾದ ಮೇಲೆ ಕಚೇರಿ ನೌಕರರು ಬಾಡಿಗೆ ಕೋಣೆ ಹುಡುಕುತ್ತಿದ್ದಾರೆ. ಮನೆ ಅಣ್ಣತಮ್ಮಂದಿರಿಬ್ಬರದು, ಹಿತ್ತಲು ಅಗೆದು ಎರಡು ಕೋಣೆ ಕಟ್ಟೋಣವೆಂದು ಚಾಚಾನ ಹಟ.

"ಸಬ್ಜಾ ಪ್ಯಾಟ್ಯಾಗ ಹೂವಿನವರ ಹತ್ರ ಸಿಗತೈತಿ ಭಾಬಿ. ಜಾಗಾ ಸಿಗತೈತೇನು?"

"ಪ್ಯಾಟಿದು ಸಂಜೀಕ ಬಾಡತೈತಿ. ನಂದು ಬೇರು ಹಿಡೀತೈತಿ," ಎಂದೆ.

"ಹಂಗಾರ ನೀವ ಹೋಗಿ ಹಚ್ಚಿ ಬರ್ರಿ," ಎಂದು ನಕ್ಕರು.

ಹೋದೆ, ಕೌಸರ.

ಆರು ಸಸಿಗಳನ್ನು ಬೇರಿನ ಮಣ್ಣು ಉದುರದಂತೆ ಒದ್ದೆ ಅರಿವೆಯಲ್ಲಿ ಸುತ್ತಿಕೊಂಡೆ. ಪಕ್ಕದ ಮನೆಯ ಗುರುಸಿದ್ದವ್ವ ನೀರಿನ ಕೊಡ ಟೊಂಕಕ್ಕೇರಿಸಿ ಜೊತೆಗೆ ಹೊರಟಳು. "ಬೈಯೂದಿದ್ರ ನನಗ ಬೈಲಿ ಬಿಡು, ನಾ ಹೊರಗಿನಾಕಿ," ಎಂದಳು.

ಗೇಟಿನಲ್ಲಿ ಕಾವಲಿನ ಮುದುಕ ಖಾಸಿಂಸಾಬರು ಎದ್ದು ನಿಂತರು.

"ಮೋತಿಬಿ, ಹೆಣ್ಮಕ್ಕಳು ಒಳಗ ಬರೂದು ರಿವಾಜಿಲ್ಲವಾ."

"ಗೊತ್ತೈತ್ರಿ. ಸಸಿ ತರೂ ಗಂಡಸರು ಒಲ್ಲೆ ಅಂದ್ರು. ನೀವು ಹಚ್ಚತೀರೇನು?"

"ನನ್ನ ಟೊಂಕ ಬಗ್ಗಂಗಿಲ್ಲ."

"ನಂದು ಬಗ್ಗತೈತಿ."

"ಅಜ್ಜಾ, ಕಣ್ಣರ ಮುಚ್ಚಾಕ ಬರತಾವೋ, ಅವೂ ಹಿಡಕೊಂಡಾವೋ?" ಎಂದು ಗುರುಸಿದ್ದವ್ವ ಕೇಳಿದಳು. ಅವರು ಗೋಡೆ ಕಡೆ ತಿರುಗಿ ಬೀಡಿ ಹಚ್ಚಿಕೊಂಡರು. "ಜಲ್ದಿ ಮುಗಸ್ರಿ."

ಅವರು ತೀರಿಕೊಂಡ ಈ ಎರಡು ವರ್ಷದಲ್ಲಿ ಮೊದಲ ಸಲ ಗೋರಿ ನೋಡಿದೆ. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದಿದೆ. ಅಂಥ ಎತ್ತರದ ಮನುಷ್ಯ ಅಷ್ಟು ಜಾಗದಲ್ಲಿ ಹೇಗೆ ಮಲಗಿದ್ದಾರೋ ಎನ್ನಿಸಿತು. ಅಳಲಿಲ್ಲ. ಮಣ್ಣು ಒತ್ತಿ ನೀರು ಹಾಕಿ ಬಂದೆ.

ಸಂಜೆಗೆ ಚಾಚಾ ಕೂಗಾಡಿಕೊಂಡು ಬಂದರು. "ಮಂದ್ಯಾಗ ಮಾನ ಕಳದ್ರಿ!"

"ನೀವ ಹೋಗ್ರಿ ಅಂದ್ರಿ, ಹೋದೆ. ಮುಂದಿನ ಮಿರಗಕ್ಕೂ ಹೋಗಾಕಿ. ಹಿತ್ತಲಕ್ಕ ಸಲಿಕಿ ತಂದ್ರ ಮಡಿ ನಡುವ ಕುಂಡ್ರತೀನಿ, ನನ್ನ ಮೇಲೆ ಪಾಯಾ ತಗೀರಿ," ಎಂದೆ. ನನಗೇ ನನ್ನ ಧ್ವನಿಯ ಗುರುತು ಸಿಗಲಿಲ್ಲ.

ಅಳಿಯನಿಗೆ ಸಲಾಮು ಹೇಳು. ಮಗು ಬೇಗ ಗುಣವಾಗಲಿ, ನಿನ್ನ ಮಡಿಲು ಸದಾ ತಂಪಾಗಿರುವಂತೆ ಅಲ್ಲಾಹ್ ಕಾಯಲಿ.

ನಿನ್ನ ಅಮ್ಮಿ
ಮೋತಿಬಿ

ತಾ.ಕ.: ಚಾಚಾ ಹೋಗುವ ಮೊದಲು ಒಂದು ಕಾಗದ ತೋರಿಸಿದರು. ಹಿತ್ತಲಲ್ಲಿ ಕೋಣೆ ಕಟ್ಟಲು ಒಪ್ಪಿಗೆ ಎಂದು ಅಬ್ಬಾನ ವಾರಸುದಾರಳಾಗಿ ನೀನು ಸಹಿ ಮಾಡಿದ್ದೀ. ನಿನಗೆ ಅಕ್ಷರ ತಿದ್ದಿಸಿದವಳು ನಾನು, ನಿನ್ನ ಸಹಿ ಅಲ್ಲವೆಂದು ಹೇಗೆ ಹೇಳಲಿ? ತಾರೀಖು ನೀನು ಬಕ್ರೀದಿಗೆ ಇಲ್ಲಿಗೆ ಬಂದಿದ್ದ ದಿನದ್ದು. ಅವತ್ತು ಮಧ್ಯಾಹ್ನ ನನ್ನ ಪಕ್ಕದಲ್ಲೇ ಕೂತು ಸಬ್ಜಾದ ತೆನೆ ಚಿವುಟಿದೆ, ಒಂದು ಮಾತು ಹೇಳಲಿಲ್ಲ. ನಿನ್ನ ಸಹಿಯ ಕೆಳಗೆ ನನಗೆಂದು ಬಿಟ್ಟ ಜಾಗ ಖಾಲಿ ಇದೆ. ಅದು ಖಾಲಿಯೇ ಇರುತ್ತದೆ.