ಏಳನೆಯ ಮಂಚದ ಹೆಸರು

೨೬ ಫೆಬ್ರುವರಿ ೧೯೪೮, ಗುರುವಾರ

ಆರು ಹಾಸಿಗೆ, ಹನ್ನೊಂದು ಮಕ್ಕಳು. ಎಲ್ಲರ ಟೆಂಪರೇಚರ್ ನೋಡಿ ಮುಗಿಸುವಷ್ಟರಲ್ಲಿ ಎಂಟೂವರೆ. ದಡಾರದ ನಂತರದ ಕೆಮ್ಮೇ ಹೆಚ್ಚು. ಐವರು ಪಡಸಾಲೆಯ ನೆಲದ ಮೇಲೆ. ಪಕ್ಕದ ಜಿನ್ನಿಂಗ್ ಫ್ಯಾಕ್ಟರಿಯ ಹತ್ತಿಧೂಳು ನೇರ ಅವರ ಮೂಗಿಗೆ. ಬೆಟಗೇರಿಯ ಧರ್ಮಾರ್ಥ ದವಾಖಾನೆ ಎಂದು ಬೋರ್ಡು. ಧರ್ಮ ಉಂಟು, ಜಾಗ ಇಲ್ಲ.

ಎರಡು ಗಂಟೆಗೆ ಎತ್ತಿನ ಚಕ್ಕಡಿ ಬಂತು. ಮೇಲೆ ಕಬ್ಬಿಣದ ಮಂಚ! ನಾಲ್ಕೂ ಕಡೆ ಕಟಕಟೆ, ಮೇಲೆ ಚೌಕಟ್ಟು. ಚಾದರ ಇಳಿಬಿಟ್ಟರೆ ಒಳಗೆ ಹಬೆ ಕೊಡಬಹುದು. ಕೊಟ್ಟವರು ಹತ್ತಿಯ ದಲಾಲಿ, ಅಡತಿ ವ್ಯಾಪಾರಿ ಕೊಟ್ರಪ್ಪ ಶೆಟ್ಟರು. ಮಂಚದ ಜೊತೆ, ಅದರಲ್ಲಿ ಮಲಗುವ ರೋಗಿಗೆ ವರ್ಷಪೂರ್ತಿ ಪೆನಿಸಿಲಿನ್, ಹಾಲು. ಆ ಮಂಚದ ರೋಗಿಗೆ ಮಾತ್ರ — ಕಾಗದದಲ್ಲಿ ಹಾಗೆಯೇ ಇದೆ. ಯುಗಾದಿಯವರೆಗೆ ನೋಡಿ, ಉಪಯೋಗವಾದರೆ ಇನ್ನೂ ನಾಲ್ಕು ಮಂಚ.

ಕೇಳಲು ಹೋದವಳು ನಾನು. ನರ್ಸಿನ ಕೆಲಸ ಕಲಿಯಲು ಬಂದ ಇಪ್ಪತ್ತರ ಹುಡುಗಿ, ಅಡತಿ ಅಂಗಡಿಯ ಗಾದಿಯ ಮುಂದೆ! ಅವರ ಮಗಳು ಸುಮಿತ್ರಾ ಹೋದ ವರ್ಷ ಎದೆ ಕಟ್ಟಿ ತೀರಿಕೊಂಡಳು. ನಾಲ್ಕು ವರ್ಷದವಳು. ಅವಳ ಹೆಸರು ಉಳಿಯುತ್ತದೆ ಎಂದೆ. ಕಣ್ಣು ಒರೆಸಿಕೊಂಡರು. ನಾನು ಕೊಂಡು ಓದುವ ಸಮಾಜಸೇವೆಯ ಪುಸ್ತಿಕೆಗಳಲ್ಲಿ ನಂಬರ್ ಒಂಬತ್ತರಲ್ಲಿ ಓದಿದ್ದು — ದಾನಿಗೆ ಸ್ಮಾರಕ ಕೊಡಿ, ದಾನ ತಾನೇ ಬರುತ್ತದೆ. ಎರಡಾಣೆ ಕೊಟ್ಟಿದ್ದು ಸಾರ್ಥಕ.

ತಲೆಯ ಕಡೆ ತಗಡಿನ ಹಲಗೆ. ‘ಕೈಲಾಸವಾಸಿ ಕುಮಾರಿ ಸುಮಿತ್ರಾಳ ಸ್ಮರಣಾರ್ಥ.’ ಮಾತು ನನ್ನದು, ಅಕ್ಷರ ಪೇಂಟರ್ ಉಡಚಪ್ಪನದು. ಡಾಕ್ಟರ್ ಉಳವಪ್ಪನವರು ನೋಡಿ “ಹೂಂ” ಎಂದರು. ಅವರ ಹೂಂ ಎಂದರೆ ಮೆಡಲ್.

೨೮ ಫೆಬ್ರುವರಿ, ಶನಿವಾರ

ಏಳನೆಯ ಮಂಚ ಖಾಲಿ.

ಮುಂಡರಗಿಯ ಸಾವಂತ್ರೆವ್ವನಿಗೆ ಹೇಳಿದೆ, ಮಗುವನ್ನು ಇದರಲ್ಲಿ ಮಲಗಿಸು. ಹಲಗೆಯಲ್ಲಿ ಏನು ಬರೆದೀರಿ ಎಂದಳು. ಓದಿದೆ. ಹೆಮ್ಮೆಯಿಂದಲೇ ಓದಿದೆ.

“ಯವ್ವಾ! ಸತ್ತ ಕೂಸಿನ ಹಾಸಿಗ್ಯಾಗ ನನ್ನ ಕೂಸನ್ನ ಹಾಕಂತೀಯೇನ? ನೆಲಾನ ಚಲೋ.”

ಹೊಸ ಮಂಚ, ಒಂದು ಕ್ರಿಮಿಯೂ ಇಲ್ಲ ಎಂದೆ.

“ಕ್ರಿಮಿ ಇಲ್ಲ, ಹೆಸರ ಐತೆಲ್ಲ” ಎಂದಳು.

೫ ಮಾರ್ಚ್, ಶುಕ್ರವಾರ

ಖಾಲಿ. ಒಂದು ವಾರ. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಕೇಳಿ, ಈಗ ದವಾಖಾನೆಗೆ ಬರುವ ಮೊದಲೇ ಅದು ‘ಸತ್ತ ಕೂಸಿನ ಮಂಚ’.

ಇವತ್ತು ಎಲ್ಲ ತಾಯಂದಿರನ್ನು ಕೂರಿಸಿ ಅರ್ಧ ತಾಸು ಭಾಷಣ. ಮೂಢನಂಬಿಕೆ, ಗುಲಾಮಗಿರಿ, ಸ್ವತಂತ್ರ ದೇಶದ ತಾಯಿ ಹೇಗಿರಬೇಕು... ಕೊನೆಗೆ ನಾನೇ ಮಂಚ ಹತ್ತಿ ಕಾಲು ಮಡಚಿ ಮಲಗಿ ತೋರಿಸಿದೆ.

“ನೋಡ್ರಿ, ಬಾಯಾರು ಮಲಗಿದ್ರು. ಏನರ ಆತೇನು?” ಎಂದು ಆಯಾ ಗುಲಾಬಬಿ ನನ್ನ ಪರವಾಗಿ.

“ಅಕಿಗೇನ ಆಗತೈತಿ ಬಿಡ. ಹಡದಾಳೇನ, ಹೊತ್ತಾಳೇನ” ಎಂದಳು ಮೂಲೆಯಿಂದ ಯಾರೋ. ಎಲ್ಲರೂ ನಕ್ಕರು. ಗುಲಾಬಬಿಯೂ! ಸೆರಗು ಬಾಯಿಗೆ ಒತ್ತಿಕೊಂಡು. ಇಳಿಯುವಾಗ ಕಟಕಟೆಗೆ ಸೀರೆ ಸಿಕ್ಕಿ ಹರಿಯಿತು.

ನಗಲಿ. ಹೊಸದನ್ನು ತರುವವರನ್ನು ನೋಡಿ ಮೊದಲು ನಗುತ್ತಾರೆ.

೮ ಮಾರ್ಚ್, ಸೋಮವಾರ

ಸಂಸ್ಥಾನಗಳು ಮುಗಿದವು! ಲಕ್ಷ್ಮೇಶ್ವರ, ಶಿರಹಟ್ಟಿ ಎಲ್ಲ ಇವತ್ತಿನಿಂದ ಮುಂಬಯಿ ಪ್ರಾಂತಕ್ಕೆ. ನಾಳೆ ಕರ್ನಾಟಕಕ್ಕೆ — ನೋಡುತ್ತಿರಿ. ರಿಜಿಸ್ಟರ್‌ನಲ್ಲಿ ‘ಪರಸಂಸ್ಥಾನದವರು’ ಎಂಬ ಕಾಲಮ್ ಇತ್ತು. ಡಾಕ್ಟರನ್ನು ಕೇಳದೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ. ಸ್ಕೇಲ್ ಇಟ್ಟು ನೇರವಾಗಿ. ನೋಡಿದರು, ಬಯ್ಯಲಿಲ್ಲ.

ರಾಜರ ಗಡಿ ಒಂದೇ ದಿನದಲ್ಲಿ ಹೋಗುತ್ತದೆ. ಒಂದು ಮಂಚ ತುಂಬಿಸಲು ನನ್ನಿಂದ ಆಗುತ್ತಿಲ್ಲ.

೧೬ ಮಾರ್ಚ್, ಮಂಗಳವಾರ

ಲಕ್ಷ್ಮೇಶ್ವರದ ಬಸ್ಸಿಗೆ ಬಂದವಳು ಹನಮಂತವ್ವ. ಜೊತೆಗೆ ಎರಡು ವರ್ಷದ ಮಗಳು ಕರಿಯವ್ವ. ದಡಾರ ಆಗಿ ಹನ್ನೆರಡು ದಿನ. ಜ್ವರ ೧೦೪. ಉಸಿರಿಗೊಮ್ಮೆ ಪಕ್ಕೆ ಒಳಗೆ ಹೋಗುತ್ತದೆ, ಮೂಗಿನ ಹೊರಳೆ ಅರಳುತ್ತದೆ. ನ್ಯುಮೋನಿಯಾ. ಡಾಕ್ಟರು ಹೇಳುವ ಮೊದಲೇ ಗೊತ್ತಾಯಿತು ನನಗೆ.

“ಹಬಿ ಬೇಕು, ಪೆನಿಸಿಲಿನ್ ಬೇಕು. ಎರಡೂ ಏಳನೇ ಮಂಚದಾಗ ಅದಾವ” ಎಂದರು ಡಾಕ್ಟರು. ನನ್ನನ್ನು ನೋಡಿದರು.

ಹನಮಂತವ್ವನಿಗೆ ಬಸ್ಸಿನಲ್ಲೇ ಯಾರೋ ಹೇಳಿದ್ದಾರೆ. “ಅದೊಂದು ಬಿಟ್ಟು ಎಲ್ಲಿ ಹಾಕಂದ್ರ ಅಲ್ಲಿ ಹಾಕತೇನ್ರಿ. ಮೂರ ಹಡದು ಎರಡ ಕಳಕೊಂಡೇನಿ.” ಕಾಲು ಹಿಡಿಯಲು ಬಂದಳು. ಹಿಂದೆ ಸರಿದೆ.

ಪಡಸಾಲೆಯ ನೆಲ. ಗುಳಿಗೆ ಅರೆದು ಕುಡಿಸಿದ್ದು, ಅರ್ಧ ವಾಂತಿ.

೧೭ ಮಾರ್ಚ್, ಬುಧವಾರ. ಮಧ್ಯಾಹ್ನ ೩

ಬರೆದೇ ಬಿಡುತ್ತೇನೆ.

ಹನಮಂತವ್ವ ನೀರು ತರಲು ಹೋಗಿದ್ದಳು. ಮಗುವನ್ನು ಎತ್ತಿ ಏಳರಲ್ಲಿ ಮಲಗಿಸಿದೆ. ಚಾದರ ಇಳಿಬಿಟ್ಟೆ. ಕೆಟಲ್ ಹಚ್ಚಿದೆ. ಹತ್ತು ನಿಮಿಷ ಸಿಕ್ಕಿದ್ದರೆ ಸಾಕಿತ್ತು. ಅವಳು ಬಂದಳು. ಕಿರುಚಲಿಲ್ಲ. ಕೊಡ ಇಟ್ಟಳು, ಚಾದರ ಸರಿಸಿದಳು, ಮಗುವನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು ಗೇಟು ದಾಟಿದಳು.

ಬಸ್ ಸ್ಟ್ಯಾಂಡಿನವರೆಗೂ ಓಡಿದೆ. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕುಳಿತಿದ್ದಳು. ಕಿಟಕಿಯ ಕೆಳಗೆ ನಿಂತು ಮಗು ಸಾಯುತ್ತದೆ ಎಂದೆ. ಅಂದೇ ಬಿಟ್ಟೆ.

“ಸತ್ರ ನನ್ನ ತೊಡೀ ಮ್ಯಾಲ ಸಾಯಲಿ. ನೀ ಕಳ್ಳಿ ಅದಿ. ಕೂಸಿನ ಕಳ್ಳಿ.”

ಇಡೀ ಬಸ್ಸು ಕೇಳಿಸಿಕೊಂಡಿತು. ಏದುಸಿರು ಬಿಡುತ್ತ ಗುಲಾಬಬಿ ಬಂದಳು, ಎಂಟು ಮಕ್ಕಳ ತಾಯಿ. ಬಸ್ಸು ಹತ್ತಿ ಅವಳ ಪಕ್ಕ ಕುಳಿತಳು. ಏನು ಹೇಳಿದಳೋ! ಕಂಡಕ್ಟರ್ ಗಂಟೆ ಹೊಡೆದ ಮೇಲೆ ಇಬ್ಬರೂ ಇಳಿದರು. ಷರತ್ತು ಒಂದೇ. ಮಗುವನ್ನು ನಾನು ಮುಟ್ಟಬಾರದು.

ದಾರಿಯಲ್ಲಿ ಗುಲಾಬಬಿ: “ಬಾಯಾರ, ನಿಮ್ಮ ಅಷ್ಟೂ ಪುಸ್ತಕದಾಗ ಅವ್ವಂದಿರ ಸುದ್ದಿ ಒಂದರ ಐತೇನ್ರಿ?”

ತಪ್ಪು ನನ್ನದು. ಒಪ್ಪುತ್ತೇನೆ. ವಿಚಾರ ತಪ್ಪಲ್ಲ, ಕೈ ತಪ್ಪು. ಮತ್ತು ಹಲಗೆ. ಹಲಗೆಯೂ ನನ್ನದೇ.

೧೮ ಮಾರ್ಚ್, ಗುರುವಾರ

ಜ್ವರ ೧೦೪. ಮಗು ಹಾಲು ಬಿಟ್ಟಿದೆ. ಗುಲಾಬಬಿ ನೋಡಿ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ.

ಕೊಟ್ರಪ್ಪನವರ ಮನೆಗೆ ಹೋದೆ. ಹಲಗೆ ತೆಗೆಸಬೇಕು ಎಂದೆ. ಕಾರಣ ಪೂರ್ತಿ ಹೇಳಿದೆ, ಮುಚ್ಚಿಡಲಿಲ್ಲ.

“ಹೆಸರ ಉಳಿತೈತಿ ಅಂದಾಕಿ ನೀನ. ಈಗ ಅದ ಹೆಸರಿಗೆ ಮಂದಿ ಹೇಸತಾರ ಅಂತ ಹೇಳಾಕ ಬಂದೀಯೇನು?” ಎಂದರು ಶೆಟ್ಟರು. “ಹಲಗಿ ತಗದ್ರ ಮಂಚಾನೂ ತಗೊಂಡು ಹೋಗತೇನಿ. ಹಂಗ ಖಾಲಿ ಬಿದ್ರ ಯುಗಾದಿಗೆ ಬ್ಯಾರೆ ಕಡೆ ಕೊಡತೇನಿ. ಆತು, ನಡಿ.”

ಬಾಗಿಲ ಹಿಂದೆ ಬಳೆ ಸದ್ದು. ಅವರ ಹೆಂಡತಿ ಗದಿಗೆವ್ವ. ಮಗಳು ಹೋದ ಮೇಲೆ ಹೊಸ್ತಿಲು ದಾಟಿಲ್ಲವಂತೆ. ಕೇಳಿಸಿಕೊಂಡರೋ ಏನೋ.

ಪುಸ್ತಿಕೆಗಳನ್ನು ತೆಗೆದು ಒಂದರಿಂದ ಹದಿನಾಲ್ಕರವರೆಗೆ ತಿರುವಿದೆ. ಇದರ ಬಗ್ಗೆ ಒಂದು ಸಾಲೂ ಇಲ್ಲ.

೧೯ ಮಾರ್ಚ್, ಶುಕ್ರವಾರ

ಹತ್ತು ಗಂಟೆಗೆ ಟಾಂಗಾ. ಇಳಿದವರು ಗದಿಗೆವ್ವ! ಕೈಯಲ್ಲಿ ಬುಟ್ಟಿ. ಯಾರನ್ನೂ ಕೇಳದೆ ಏಳನೆಯ ಮಂಚದ ಹತ್ತಿರ ಹೋದರು, ಹಲಗೆಯ ಮೇಲೆ ಕೈ ಇಟ್ಟರು. ಓದಲು ಬರುವುದಿಲ್ಲ ಅವರಿಗೆ. ಒಂದೊಂದೇ ಅಕ್ಷರ ಸವರಿದರು. ಆಮೇಲೆ ಪಡಸಾಲೆಗೆ ಬಂದು ಹನಮಂತವ್ವನ ಎದುರು ನೆಲದ ಮೇಲೆ ಕುಳಿತರು.

“ಹೆಸರ ನನ್ನ ಮಗಳದವ್ವ. ಆದ್ರ ಅಕಿ ಇದರಾಗ ಒಂದಿನಾನೂ ಮಲಗಿಲ್ಲ. ನಮ್ಮ ಮನಿ ಹಾಸಿಗ್ಯಾಗ ಹ್ವಾದ್ಲು. ಇಂಥಾದ್ದೊಂದು ಆವಾಗ ಇದ್ದಿದ್ರ...” ನಿಲ್ಲಿಸಿದರು. “ನಿನ್ನ ಕೂಸಿನ ಪಕ್ಕಿನೂ ಹಂಗ ಸೆಳಿಯಾಕತ್ತೈತಿ. ಅಕೀದೂ ಹಂಗ ಸೆಳೀತಿತ್ತು.”

ಹನಮಂತವ್ವ ಮಗುವಿನ ಪಕ್ಕೆಯ ಮೇಲೆ ಕೈ ಇಟ್ಟಳು.

“ತೊಟ್ಟಲ ಶಾಸ್ತ್ರ ಮಾಡೇ ಇಲ್ಲಲ್ಲ ಇವರು. ಹೊಸಾದು ತಂದು ಹಂಗ ಕೂಸ ಹಾಕ ಅಂದ್ರ ಯಾರ ಹಾಕತಾರ?” ಎಂದು ಗದಿಗೆವ್ವ ಬುಟ್ಟಿ ತೆರೆದರು. ಖಾರ ಅರೆಯುವ ಗುಂಡಕಲ್ಲು, ಕೂಸಿನ ತಲೆಗೆ ಹಾಕುವ ಹೊಸ ಕುಂಚಿಗೆ, ಕುಂಕುಮ.

ಹಳ್ಳಿಯಲ್ಲಿ ನಾನೂ ನೋಡಿದ್ದೇನೆ. ಹೊಸ ತೊಟ್ಟಿಲಿಗೆ ಮೊದಲು ಕಲ್ಲು. ಅದಕ್ಕೆ ಕುಂಚಿಗೆ ತೊಡಿಸಿ ತೂಗುತ್ತಾರೆ. ಬರುವ ಕೆಡುಕು ಕಲ್ಲಿಗೆ, ಆಮೇಲೆ ಮಗು. ಬಾಯಿ ತೆರೆದೆ — ಇದು ವಾರ್ಡು, ಇಲ್ಲಿ ವಿಜ್ಞಾನ... ಎಲ್ಲರೂ ನನ್ನ ಕಡೆ ನೋಡಿದರು. ಡಾಕ್ಟರೂ.

“ಇದು ನಿನ್ನ ಮಂಚ, ಗುರುಸಿದ್ದವ್ವ. ನೀನ ಹೇಳು” ಎಂದರು.

ನಾನು ಇವರ ಜೊತೆ ಹತ್ತು ವರ್ಷ ವಾದ ಮಾಡಬಹುದು. ಗೆಲ್ಲುತ್ತೇನೆ ಕೂಡ. ಕರಿಯವ್ವನಿಗೆ ಹತ್ತು ತಾಸು ಇದೆಯೋ ಇಲ್ಲವೋ.

“ಕಲ್ಲನ್ನು ತೊಳೆಯಬೇಕು” ಎಂದೆ. “ಕಾರ್ಬಾಲಿಕ್ ನೀರಿನಲ್ಲಿ. ಎರಡು ಸಲ.”

ನಾನೇ ತೊಳೆದೆ. ಖಾರದ ವಾಸನೆ ಬಿಡಲಿಲ್ಲ. ಕುಂಚಿಗೆ ತೊಡಿಸಿದರು, ಮಲಗಿಸಿದರು. ಐದು ಜನ ಹಾಡಬೇಕು, ನಾಲ್ಕೇ ಆದರು. “ನೀವೂ ಬರ್ರಿ ಬಾಯಾರ, ಭಾಷಣಕ್ಕಷ್ಟ ಏನ ದನಿ?” ಎಂದಳು ಸಾವಂತ್ರೆವ್ವ. ಹಾಡಿದೆ. ಕೆಟ್ಟದಾಗಿ.

“ಗುಂಡಪ್ಪಗ ಜ್ವರ ಎಷ್ಟೈತಿ ನೋಡ್ರಿ ಮತ್ತ” ಎಂದಳು ಗುಲಾಬಬಿ, ಕಲ್ಲಿನ ಕಡೆ ಕೈ ತೋರಿಸಿ. ಹನಮಂತವ್ವನ ತುಟಿ ಸ್ವಲ್ಪ ಅಲುಗಿತು. ನಗುವಲ್ಲ, ಆದರೆ ಹತ್ತಿರ. ಎದ್ದಳು. ತನ್ನ ಕೈಯಿಂದಲೇ ಕಲ್ಲು ತೆಗೆದಳು, ಕರಿಯವ್ವನನ್ನು ಹಾಕಿದಳು. ಚಾದರ ತಾನೇ ಇಳಿಬಿಟ್ಟಳು. ನನ್ನ ಕಡೆ ತಿರುಗಿ, “ಸೂಜಿ ಜಲ್ದಿ ಮಾಡ್ರಿ” ಎಂದಳು.

ಇಂಜೆಕ್ಷನ್ ಸರಿಯಾಗಿಯೇ ಹಾಕಿದೆ.

೨೦ ಮಾರ್ಚ್

೧೦೩. ಮೂರು ತಾಸಿಗೊಮ್ಮೆ ಸೂಜಿ. ಹಬೆ. ಬೇರೆ ಏನೂ ಬರೆಯಲು ಪುರುಸೊತ್ತಿಲ್ಲ.

೨೩ ಮಾರ್ಚ್, ಮಂಗಳವಾರ

೧೦೧. ಪಕ್ಕೆ ಸೆಳೆಯುವುದು ನಿಂತಿದೆ! ಎರಡು ಚಮಚ ಹಾಲು ಕುಡಿದಳು. ಮೂರನೆಯದನ್ನು ನನ್ನ ಮೇಲೆ ಉಗುಳಿದಳು.

ಸಂಜೆ ಕೊಟ್ರಪ್ಪನವರು, ಗದಿಗೆವ್ವ ಇಬ್ಬರೂ. ಶೆಟ್ಟರು ಕಟಕಟೆ ಹಿಡಿದು ಮಗುವಿನ ಉಸಿರು ನೋಡಿದರು. ಕೊನೆಗೆ, “ಈ ಕೂಸು ಗುಣಾಗಿ ಹ್ವಾದ್ರ ನಾಕೂ ಮಂಚ ಮಾಡಸತೇನಿ” ಎಂದರು.

ನನಗೆ ಸಿಟ್ಟು ಬಂತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಗದಿಗೆವ್ವನೇ ಮೊದಲು ಅಂದರು: “ಹ್ವಾದ್ರ, ಬಂದ್ರ... ಚೌಕಾಶಿ ಮಾಡಾಕ ಇದೇನ ನಿಮ್ಮ ಹತ್ತಿ ಪ್ಯಾಟಿ ಏನ್ರಿ? ಮಾಡಸ್ರಿ ಸುಮ್ಮನ.”

“ಮಾಡಸತೇನಿ” ಎಂದರು ಶೆಟ್ಟರು.

ಹಲಗೆಯ ಮಾತು ತೆಗೆದವಳು ಹನಮಂತವ್ವ. “ಹೆಸರ ಇರಲಿ ಬಿಡ್ರಿ. ಆದ್ರ ಅಕಿ ಒಬ್ಬಾಕೀದ ಯಾಕ? ಬುಡಕ, ಇದರಾಗ ಮಲಗಿ ಗುಣಾಗಿ ಹ್ವಾದವರ ಹೆಸರೂ ಬರೀರಿ. ಮುಂದ ಬರೂ ಅವ್ವ ಓದಿಸಿ ಕೇಳಿದ್ರ ಅಂಜಂಗಿಲ್ಲ.”

ಹದಿನಾಲ್ಕು ಪುಸ್ತಿಕೆಗಳಲ್ಲಿ ಇಲ್ಲದ್ದು. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಬಂತು.

ಗದಿಗೆವ್ವ ತಲೆಯಾಡಿಸಿದರು. ಸುಮಿತ್ರಾಳ ಕೆಳಗೆ ಜಾಗ ಬಹಳ ಇದೆ, ಅಳೆದು ನೋಡಿದೆ. ಇಪ್ಪತ್ತು ಹೆಸರು ಹಿಡಿಯುತ್ತವೆ, ಅಕ್ಷರ ಸಣ್ಣ ಮಾಡಿದರೆ ಮೂವತ್ತು.

ಡಾಕ್ಟರ ನಿಯಮ: ಮೂರು ದಿನ ಸತತ ನಾರ್ಮಲ್ ಇದ್ದರೆ ಗುಣ. ಅದಕ್ಕಿಂತ ಮೊದಲು ಬ್ರಷ್ ಮುಟ್ಟುವ ಹಾಗಿಲ್ಲ.

೨೯ ಮಾರ್ಚ್, ಸೋಮವಾರ. ಬೆಳಿಗ್ಗೆ ೯

ಶನಿವಾರ ನಾರ್ಮಲ್. ನಿನ್ನೆ ನಾರ್ಮಲ್. ಇವತ್ತು ಮೂರನೆಯದು.

ಉಡಚಪ್ಪ ಬಂದಿದ್ದಾನೆ. ಬಿಳಿ ಬಣ್ಣ ಕಲಸಿ, ಬ್ರಷ್ ಅದ್ದಿ ಕುಳಿತಿದ್ದಾನೆ. “ಒಣಗತೈತ್ರಿ ಬಾಯಾರ, ಹೇಳ್ರಿ ಜಲ್ದಿ.” ಒಣಗಲಿ. ಶಿರಹಟ್ಟಿಯಿಂದ ಒಬ್ಬಳು ಮಗು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಾಳೆ, ಅದಕ್ಕೂ ಪಕ್ಕೆ ಸೆಳೆತ. ಮಂಚ ಖಾಲಿಯಾಗುತ್ತದಾ ಎಂದು ಅವಳೇ ಕೇಳುತ್ತಿದ್ದಾಳೆ!

ಥರ್ಮಾಮೀಟರ್ ಕರಿಯವ್ವನ ಕಂಕುಳಲ್ಲಿ. ನಾನೇ ಇಟ್ಟೆ, ಹನಮಂತವ್ವ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಈ ಡೈರಿ. ಕರಿಯವ್ವ ಪೆನ್ಸಿಲ್ ಕಸಿದುಕೊಳ್ಳಲು ನೋಡುತ್ತಿದ್ದಾಳೆ. ಒಂದು ನಿಮಿಷ. ಎರಡು. ತೆಗೆದೆ. ಬೆಳಕಿಗೆ ಹಿಡಿದೆ. ತೊಂಬತ್ತೆಂಟು ಪಾಯಿಂಟ್ ನಾಲ್ಕು, ನಾರ್ಮಲ್. “ಬರಿ ಉಡಚಪ್ಪ, ಕರಿಯ —”